ವರ್ನನ್ ಹುಬರನ ಎಡಗೈ

ವರ್ನನ್ ಹುಬರನ ಕೈ ಮುರಿದದ್ದು ನನ್ನ ಬಾಯಿಂದ ಎಂದು ನಂಬುವವರು ನಮ್ಮ ಊರಿನಲ್ಲಿ ಇವತ್ತಿಗೂ ಇದ್ದಾರೆ. ನಾಲ್ಕಕ್ಷರ ಓದಿದವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ನನ್ನ ಕೈಯಡುಗೆ ಉಂಡವರೂ ಇದ್ದಾರೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಆ ಕಾಗೆ ನಾನು. ಇರಲಿ. ಟೊಂಗೆಯಲ್ಲಿ ಬಿರುಕು ಮೊದಲೇ ಇತ್ತು. ಅದು ಯಾರ್ಯಾರಿಗೆ ಗೊತ್ತಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ.

ನನ್ನ ಹೆಸರು ಆರ್ಡಿತ್ ಪೂಲ್. ನಮ್ಮೂರ ಬೇಸ್‌ಬಾಲ್ ತಂಡದ ಬಟ್ಟೆ ಒಗೆಯುವವಳು. ಇಂಡಿಯಾನಾದ ದಕ್ಷಿಣದ ಅಂಚಿನಲ್ಲಿ, ನದಿಯ ದಂಡೆಗೆ, ಗಾಜಿನ ಕಾರ್ಖಾನೆಯನ್ನು ನಂಬಿ ಬೆಳೆದ ಊರು ನಮ್ಮದು. ಕಾರ್ಖಾನೆ ಮುಚ್ಚಿತು, ತಂಡ ಉಳಿಯಿತು. ದೊಡ್ಡ ಲೀಗಿಗೆ ಹತ್ತುವ ಆಸೆಯ ಹುಡುಗರು ಮತ್ತು ದೊಡ್ಡ ಲೀಗು ಬೇಡವೆಂದು ತಳ್ಳಿದ ಗಂಡಸರು, ಇವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಉಗಿಯುವ ತಂಡ. ಆ ಬೆಂಚಿನ ಹಿಂದೆಯೇ ನನ್ನ ಒಗೆಯುವ ಕೋಣೆ. ಬಾಗಿಲು ತೆರೆದರೆ ಮೈದಾನ ಪೂರ್ತಿ ಕಾಣುತ್ತದೆ.

ವರ್ನನ್ ನಮ್ಮ ಪಕ್ಕದ ಮನೆಯ ಹುಡುಗ. ಅವನ ಅಪ್ಪ ಕಾರ್ಖಾನೆಯಲ್ಲಿ ಗಾಜು ಊದುತ್ತಿದ್ದ. ಒಡೆದ ಬಾಟಲಿಗಳನ್ನು ಬೇಲಿಯ ಮೇಲೆ ಸಾಲಾಗಿ ಇಟ್ಟು ಹುಡುಗ ಎಡಗೈಯಲ್ಲಿ ಕಲ್ಲು ಬೀಸುತ್ತಿದ್ದ. ಒಂದು ಸಲ ಗುರಿ ತಪ್ಪಿ ನನ್ನ ಅಡುಗೆಮನೆಯ ಕಿಟಕಿ ಹೋಯಿತು. ನಾನು ಹೊರಗೆ ಬರುವಷ್ಟರಲ್ಲಿ ಅವನೇ ಬಾಗಿಲಲ್ಲಿ ನಿಂತಿದ್ದ. "ನಾನೇ ಆಂಟಿ" ಎಂದ. ಅಷ್ಟೇ. ಮಾತು ಕಡಿಮೆ, ಬೆನ್ನು ತೋರಿಸುವ ಜಾಯಮಾನ ಅಲ್ಲ. ಅದೇ ಅವನ ಗುಣ, ಅದೇ ಅವನಿಗೆ ಕುತ್ತಾಯಿತು.

ಅವನಿಗೆ ಹತ್ತೊಂಬತ್ತು ತುಂಬಿದ ಬೇಸಿಗೆಯಲ್ಲಿ ಸಿನಿಮಾದವರು ಬಂದರು. ಹಳೇ ಕಾಲದ ಮೈದಾನ ಬೇಕಾಗಿತ್ತಂತೆ, ನಮ್ಮದು ಹಳೆಯದಾಗಿಯೇ ಇತ್ತು. ಕಥೆಯ ನಾಯಕ ಜೆಡ್ ಹ್ಯಾರಿಗನ್ ಎಂಬ ಎಡಗೈ ಎಸೆತಗಾರ. ಆ ವೇಷ ಹಾಕಿದ ನಟ ಚೆಂದವೇನೋ ಚೆಂದ, ಆದರೆ ಚೆಂಡು ಎಸೆಯಲು ಬರುತ್ತಿರಲಿಲ್ಲ. ಅವನಿಗಿಂತ ನೆಟ್ಟಗೆ ನಾನು ಬೆಕ್ಕಿಗೆ ಚಪ್ಪಲಿ ಎಸೆಯುತ್ತೇನೆ. ಅದಕ್ಕೇ ಹಿಂದಿನಿಂದ ತೆಗೆದ ಚಿತ್ರಗಳಿಗೆಲ್ಲ ವರ್ನನ್‌ನನ್ನು ನಿಲ್ಲಿಸಿದರು. ಮುಖ ನಟನದು, ಕೈ ಇವನದು. ಬೆಳಗಿನಿಂದ ಬೆಳಕು ಸಾಯುವವರೆಗೆ ಒಂದೇ ಎಸೆತವನ್ನು ಮತ್ತೆ ಮತ್ತೆ ಎಸೆಸಿದರು. ಸಂಜೆ ನಮ್ಮ ಮನೆಗೆ ಬಂದು ಊಟದ ತಟ್ಟೆ ಎತ್ತಲಾರದೆ ನಗುತ್ತಿದ್ದ.

ನಾನು ಸಿನಿಮಾದವರ ಬಟ್ಟೆಯನ್ನೂ ಒಗೆದೆ. ಒಗೆದೆ ಎನ್ನುವುದಕ್ಕಿಂತ ಒಗೆಯದೆ ಇಟ್ಟೆ ಎನ್ನಬೇಕು. "ಕೊಳೆ ತೆಗೀಬೇಡಿ, ಬೆವರಿನ ವಾಸನೆ ಮಾತ್ರ ತೆಗೀರಿ" ಎಂದಳು ವೇಷದ ಬಟ್ಟೆ ನೋಡಿಕೊಳ್ಳುವ ಅವರ ಹುಡುಗಿ. ಹ್ಯಾರಿಗನ್‌ನ ಅಂಗಿಗೆ ಎದೆಯ ಮೇಲೆ ಮಣ್ಣು ಬಳಿದಿದ್ದರು. ಎಸೆತಗಾರ ಬೋರಲಾಗಿ ಯಾಕೆ ಬೀಳುತ್ತಾನೆ ಹೇಳಿ? ನಿಜವಾದ ಎಸೆತಗಾರನ ಅಂಗಿಯಲ್ಲಿ ಕಂಕುಳು ಕೊಳೆತಿರುತ್ತದೆ, ಕುತ್ತಿಗೆಪಟ್ಟಿಯಲ್ಲಿ ನೋವಿನೆಣ್ಣೆ ಹತ್ತಿರುತ್ತದೆ, ತೊಡೆಯ ಮೇಲೆ ಕೈಯೊರೆಸಿದ ಗುರುತಿರುತ್ತದೆ. ಸಿನಿಮಾದವರ ಬಟ್ಟೆಯಲ್ಲಿ ಭಯದ ಬೆವರು ಎಂಬುದೇ ಇರಲಿಲ್ಲ. ನಮ್ಮ ಹುಡುಗರ ಬಟ್ಟೆಯಲ್ಲಿ ಅದೊಂದು ಬಿಟ್ಟು ಬೇರೆ ಏನೂ ಇರುವುದಿಲ್ಲ, ತಿಂಗಳ ಕೊನೆಗೆ ಯಾರನ್ನು ಮನೆಗೆ ಕಳಿಸುತ್ತಾರೋ ಎಂಬ ಭಯ.

ಸಿನಿಮಾ ಗೆದ್ದಿತು. ಊರಿನಲ್ಲಿ ಅದನ್ನು ನೋಡದವರಿಲ್ಲ, ಪ್ರಾರ್ಥನೆಗಿಂತ ಚೆನ್ನಾಗಿ ಬಾಯಿಪಾಠ. ಕೊನೆಯ ಆಟದಲ್ಲಿ ಹ್ಯಾರಿಗನ್ ಎದುರಾಳಿಗೆ ಒಂದೇ ಒಂದು ಹೊಡೆತವನ್ನೂ ಬಿಟ್ಟುಕೊಡದೆ ಎಸೆಯುತ್ತಿರುತ್ತಾನೆ. ಒಂಬತ್ತು ಸುತ್ತಿನ ಆಟ. ಏಳನೆಯ ಸುತ್ತಿನಲ್ಲಿ ಕೈನೋವು ತಡೆಯಲಾರದೆ, ಎಸೆತಗಾರ ನಿಲ್ಲುವ ದಿಬ್ಬದ ಮೇಲೆ ಒಂದು ಮೊಣಕಾಲೂರಿ ಕುಸಿಯುತ್ತಾನೆ. ಜನ ಮೆಲ್ಲಗೆ ತಾಳ ಹಾಕಿ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಏರುತ್ತದೆ, ಹ್ಯಾರಿಗನ್ ಎದ್ದು ನಿಲ್ಲುತ್ತಾನೆ, ಗೆಲ್ಲುತ್ತಾನೆ. ಗಟ್ಟಿ ಗಂಡಸರೂ ಅಲ್ಲಿ ಮೂಗು ಒರೆಸಿಕೊಳ್ಳುತ್ತಾರೆ.

ಅಲ್ಲಿಂದ ಮುಂದೆ ವರ್ನನ್‌ಗೆ ಉಳಿಗಾಲವಿರಲಿಲ್ಲ. ಅಯೋವಾ, ಜಾರ್ಜಿಯಾ, ಒಕ್ಲಹೋಮ ಎಂದು ಸಣ್ಣ ಸಣ್ಣ ತಂಡಗಳ ಬಸ್ಸಿನಲ್ಲಿ ಅವನ ಯೌವನ ಕಳೆಯಿತು. ಹೋದಲ್ಲೆಲ್ಲ ಅವನು ಹ್ಯಾರಿಗನ್‌ನ ಕೈ. ಚೆನ್ನಾಗಿ ಎಸೆದರೆ ಹ್ಯಾರಿಗನ್ ಥರ ಎಸೆದ, ಕೆಟ್ಟದಾಗಿ ಎಸೆದರೆ ಹ್ಯಾರಿಗನ್ ಆಗಿದ್ದರೆ ಹೀಗೆ ಎಸೆಯುತ್ತಿರಲಿಲ್ಲ. ಮನುಷ್ಯನನ್ನು ಅಣ್ಣನ ಜೊತೆ ಹೋಲಿಸುವುದುಂಟು, ಅಪ್ಪನ ಜೊತೆ ಹೋಲಿಸುವುದುಂಟು. ಇವನನ್ನು ಇವನದೇ ಕೈಯ ಜೊತೆ ಹೋಲಿಸಿ ಇವನೇ ಕಡಿಮೆ ಎನ್ನುತ್ತಿದ್ದರು. ದೊಡ್ಡ ಲೀಗು ಅವನನ್ನು ಒಂದು ದಿನಕ್ಕೂ ಕರೆಯಲಿಲ್ಲ. ಮೂವತ್ತು ದಾಟಿದ ಮೇಲೆ ನಮ್ಮ ತಂಡಕ್ಕೇ ಬಂದ. ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಜೋಯೆಟಾಳನ್ನು ಮದುವೆಯಾದ. ಚಳಿಗಾಲದಲ್ಲಿ ಮನೆಗಳ ಒಳಛಾವಣಿಗೆ ಹಲಗೆ ಕೂರಿಸುವ ಕೆಲಸ. ದಿನವಿಡೀ ಎರಡು ಕೈಯನ್ನೂ ತಲೆಯ ಮೇಲೆ ಎತ್ತಿ ಹಿಡಿದಿರಬೇಕು.

ಮೇನ್ ಸ್ಟ್ರೀಟಿನ ಹೋಟೆಲಿನಲ್ಲಿ ಬೆಳಗಿನ ಕಾಫಿಗೆ ಕೂತ ಗಂಡಸರಿಗೆ ಅದೇ ಪುರಾಣ. ಬನ್ನಿನಾಚೆ ಅಂಗೈಯಗಲ ಚಾಚಿಕೊಂಡ ಹಂದಿಮಾಂಸದ ಕಟ್ಲೆಟ್ಟನ್ನು ಕಚ್ಚುತ್ತ, ವರ್ನನ್ ಅಲ್ಲೇ ಮೂಲೆಯಲ್ಲಿ ಕೂತಿದ್ದರೂ ನಾಚಿಕೆಯಿಲ್ಲದೆ ಶುರು ಮಾಡುತ್ತಿದ್ದರು.

"ನಿನ್ನೆ ಆ ಚೆಂಡನ್ನ ಒಳಗಡೆಗೆ ಹಾಕ್ಬೇಕಿತ್ತು ಕಣೋ ವರ್ನ್. ಹ್ಯಾರಿಗನ್ ಆಗಿದ್ರೆ ಹಾಕ್ತಿದ್ದ."

"ಹ್ಯಾರಿಗನ್ ಅನ್ನೋನು ಹುಟ್ಟೇ ಇಲ್ಲ ಕಣಯ್ಯ, ಅದು ಸಿನಿಮಾ" ಎಂದು ನಾನು ಒಮ್ಮೆ ಬಾಯಿ ಹಾಕಿದೆ.

"ಹುಟ್ಟದಿದ್ರೇನಾಯ್ತು ಆರ್ಡಿತ್? ಹುಟ್ಟಿರೋ ಇವನಿಗಿಂತ ಅವನೇ ವಾಸಿ."

ಎಲ್ಲರೂ ನಕ್ಕರು. ವರ್ನನ್ನೂ ನಕ್ಕ.

ಸಿನಿಮಾ ಬಂದು ಹದಿನೈದು ವರ್ಷವಾದಾಗ ತಂಡದ ಮಾಲೀಕ ರಾಯ್ಸ್ ಟ್ಯಾಕೆಟ್ ಒಂದು ಹಬ್ಬ ಹೂಡಿದ. ಆಗಸ್ಟಿನ ಒಂದು ಶನಿವಾರ ಸಂಜೆ, ದಿಬ್ಬದ ಮೇಲೆ ಹ್ಯಾರಿಗನ್‌ನ ಕೈ! ಪೇಟೆಯ ಗೋಡೆಗಳ ಮೇಲೆಲ್ಲ ಭಿತ್ತಿಪತ್ರ. ಅದಕ್ಕೆ ಒಂದು ವಾರ ಮುಂಚೆ ಜೋಯೆಟಾ ನನ್ನ ಒಗೆಯುವ ಕೋಣೆಗೆ ಬಂದು, ಒದ್ದೆ ಟವೆಲ್ಲುಗಳ ಗುಡ್ಡೆಯ ಮೇಲೆ ಕುಸಿದು ಕೂತಳು.

"ಡಾಕ್ಟ್ರು ತೋಳಿನ ಮೂಳೆ ಬಿರುಕು ಬಿಟ್ಟಿದೆ ಅಂದ್ರು ಆಂಟಿ. ಇನ್ನು ಜೋರಾಗಿ ಎಸೆದ್ರೆ ಕಡ್ಡಿ ಮುರಿದ ಹಾಗೆ ಮುರಿಯುತ್ತಂತೆ. ಆಮೇಲೆ ಹಲಗೆ ಕೆಲಸಾನೂ ಇಲ್ಲ."

"ರಾಯ್ಸ್‌ಗೆ ಹೇಳಿದ್ದೀರಾ?"

"ಇವ್ರೇ ಹೋಗಿ ಹೇಳಿದ್ರು. ಟಿಕೆಟ್ ಎಲ್ಲಾ ಖರ್ಚಾಗಿದೆ, ಮೂರೇ ಮೂರು ಸುತ್ತು ಎಸೆದುಬಿಡು, ಮುಂದಿನ ವರ್ಷದಿಂದ ನೀನೇ ಹುಡುಗರಿಗೆ ಕೋಚು ಅಂತ ಅಂದ್ನಂತೆ. ಮೂರು ಸುತ್ತು ಮೆಲ್ಲಗೆ ಎಸೆದು ಬಂದುಬಿಡ್ತೀನಿ ಅಂತ ನನಗೆ ಆಣೆ ಇಟ್ಟಿದ್ದಾರೆ."

ಗೊತ್ತಿದ್ದವರು ಇಷ್ಟು ಜನ. ಬರೆದಿಟ್ಟುಕೊಳ್ಳಿ.

ಆ ಸಂಜೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ನನ್ ನಿಜವಾಗಿಯೂ ಮೆಲ್ಲಗೇ ಎಸೆದ. ನಿಧಾನದ, ಸುಳಿಯುವ, ಮೋಸದ ಎಸೆತಗಳು. ಎದುರಾಳಿ ಹುಡುಗರು ಗಾಳಿಗೆ ಗುದ್ದಿ ಗುದ್ದಿ ಬೆಂಚಿಗೆ ಮರಳಿದರು. ಮೂರು ಸುತ್ತು ಮುಗಿಯಿತು, ಒಂದೂ ಹೊಡೆತ ಬಿದ್ದಿರಲಿಲ್ಲ. ನಾಲ್ಕನೆಯದಕ್ಕೂ ಅವನೇ ಹೋದ. ಐದನೆಯದಕ್ಕೂ ಹೋದ. ಈಗ ಜೋರಾಗಿ ಎಸೆಯತೊಡಗಿದ್ದ.

ಆಗ ಬೆಂಚಿನಲ್ಲಿ ಆ ಮೌನ ಶುರುವಾಯಿತು. ನಮ್ಮ ಆಟದಲ್ಲಿ ಒಂದು ಕಟ್ಟಳೆಯಿದೆ. ಎಸೆತಗಾರನೊಬ್ಬ ಹೊಡೆತವನ್ನೇ ಬಿಟ್ಟುಕೊಡದೆ ಸಾಗುತ್ತಿದ್ದರೆ ಅವನ ಹತ್ತಿರ ಯಾರೂ ಮಾತಾಡಬಾರದು, ಪಕ್ಕದಲ್ಲಿ ಕೂರಬಾರದು, ಆ ವಿಷಯವನ್ನಂತೂ ಎತ್ತಲೇಬಾರದು. ಎತ್ತಿದರೆ ದೃಷ್ಟಿ ತಾಗಿ ಎಲ್ಲ ಕೆಡುತ್ತದೆ. ವರ್ನನ್ ಬಂದು ಬೆಂಚಿನ ತುದಿಯಲ್ಲಿ ಕೂತ. ಉಳಿದವರೆಲ್ಲ ಈ ತುದಿಗೆ ಸರಿದುಕೊಂಡರು. ಸಾವಿನ ಮನೆಯವನನ್ನಾದರೂ ಒಬ್ಬರಲ್ಲದಿದ್ದರೆ ಒಬ್ಬರು ಮಾತಾಡಿಸುತ್ತಾರೆ. ಇವನನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಆರನೆಯ ಸುತ್ತು ಮುಗಿದಾಗ ಜೋಯೆಟಾ ನನ್ನ ಕೋಣೆಯ ಹಿಂಬಾಗಿಲಿಗೆ ಓಡಿ ಬಂದಳು.

"ಮೂರು ಅಂದಿದ್ರು ಆಂಟಿ. ಮೂರು. ಯಾಕೆ ಯಾರೂ ಕರೀತಾ ಇಲ್ಲ? ನನ್ನನ್ನ ಬೆಂಚಿನ ಹತ್ರ ಬಿಡಲ್ಲ. ನೀವು ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ನೆಟ್ಟಗೆ ಮ್ಯಾನೇಜರ್ ಲೈಲ್ ಕ್ರೌಡರನ ಬಳಿ ಹೋದೆ. ತಂಡದಲ್ಲಿ ಯಾರು ಆಡಬೇಕು, ಯಾರು ಬಿಡಬೇಕು ಎನ್ನುವುದು ಅವನ ಮಾತು. "ಅವನನ್ನ ತೆಗಿ ಲೈಲ್. ಮೂಳೆ ಬಿರುಕು ಬಿಟ್ಟಿದೆ."

"ಶ್! ಮೆಲ್ಲಗೆ!" ಅವನು ನನ್ನನ್ನು ಗೋಡೆಗೆ ಒತ್ತಿಬಿಟ್ಟ. "ಅವನಾಗಿ ಬಂದು ನೋವು ಅಂದ್ರೆ ತೆಗೀತೀನಿ. ನಾನಾಗಿ ಹೋಗಿ ಕೇಳೋದಾ? ಇವತ್ತು? ಈ ಜನ ನನ್ನನ್ನ ಜೀವಸಹಿತ ಬಿಡ್ತಾರಾ?"

"ಅವನಾಗಿ ಹೇಳೋ ಪೈಕಿನಾ ಅವನು?"

"ಮಿಸ್ ಆರ್ಡಿತ್, ದಯವಿಟ್ಟು ಹೋಗಿ ಬಟ್ಟೆ ಒಗೀರಿ."

ನನಗೆ ಬಂದ ಸಿಟ್ಟನ್ನು ಏನು ಹೇಳಲಿ. ಒಂದು ಒದ್ದೆ ಟವೆಲ್ಲು ಹಿಡಿದು ಆ ಖಾಲಿ ಬೆಂಚಿನುದ್ದಕ್ಕೂ ನಡೆದು ವರ್ನನ್‌ನ ಪಕ್ಕದಲ್ಲೇ ಕೂತೆ. ಅವನು ಬಲಗೈಯಲ್ಲಿ ನೀರು ಕುಡಿಯುತ್ತಿದ್ದ. ಎಡಗೈ ತೊಡೆಯ ಮೇಲೆ ಬೇರೆ ಯಾರದೋ ಸಾಮಾನಿನಂತೆ ಬಿದ್ದಿತ್ತು.

"ವರ್ನ್, ಕೈ ಹೇಗಿದೆ ಮಗಾ?"

ಬೆಂಚಿನ ಆ ತುದಿಯಿಂದ ಹೋ ಎಂದು ಕೂಗಿದರು. ಯಾರೋ ನನ್ನ ಕಾಲ ಹತ್ತಿರಕ್ಕೆ ಬೀಜದ ಸಿಪ್ಪೆ ಉಗಿದ. "ಹಾಳು ಮುದುಕಿ, ಮನೆ ಮುರಿದ್ಯಲ್ಲ!" ಎಂದಿತು ಇನ್ನೊಂದು ದನಿ. ನಾನು ತಿರುಗಿ ನೋಡಲಿಲ್ಲ.

ವರ್ನನ್ ತಲೆಯೆತ್ತಿದ. "ಎಷ್ಟೊತ್ತಿನಿಂದ ನನ್ನ ಹತ್ರ ಮಾತಾಡಿದ್ದು ನೀನೊಬ್ಳೇ ಆಂಟಿ."

"ನೋಯ್ತಿದೆಯಾ?"

"ತುಂಬಾ."

"ಮತ್ತೆ ಯಾಕೋ? ಸಾಕು ಬಾ. ಆ ಹುಡುಗಿ ಅಲ್ಲಿ ಸಾಯ್ತಾ ಇದ್ದಾಳೆ."

ಅವನು ಮೈದಾನದ ಜನರ ಕಡೆ ನೋಡಿದ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿನಂಥದ್ದೇನೋ ಇತ್ತು. "ಇವತ್ತು ಬೆಳಗಿಂದ ಒಬ್ರೂ 'ಹ್ಯಾರಿಗನ್ ಆಗಿದ್ರೆ' ಅಂತ ಅಂದಿಲ್ಲ ಆಂಟಿ. ಗಮನಿಸಿದ್ಯಾ? ಒಬ್ರೂ ಅಂದಿಲ್ಲ."

ಅವನ ತೋಳು ಹಿಡಿಯೋಣವೆಂದು ಕೈ ಚಾಚಿದೆ. ಆ ತೋಳನ್ನೇ ಹಿಡಿದರೆ ಇನ್ನಷ್ಟು ನೋಯುತ್ತದೆಂದು ಅಂಗಿ ಹಿಡಿದೆ. ಅವನು ಮೃದುವಾಗಿ ಬಿಡಿಸಿಕೊಂಡು ಎದ್ದ. ದಿಬ್ಬಕ್ಕೆ ನಡೆದ.

ಏಳನೆಯ ಸುತ್ತು. ವರ್ನನ್‌ನ ನಾಲ್ಕು ಎಸೆತ ಗುರಿ ತಪ್ಪಿದ್ದರಿಂದ ಎದುರಾಳಿಯೊಬ್ಬ ಹೊಡೆಯದೆಯೇ ಪುಕ್ಕಟೆಯಾಗಿ ಒಂದನೆಯ ಮೂಲೆ ತಲುಪಿದ್ದ. ಮುಂದಿನವನಿಗೆ ವರ್ನನ್ ಕೈ ಬೀಸಿದ, ಹತ್ತೊಂಬತ್ತರಲ್ಲಿ ಬೀಸುತ್ತಿದ್ದನಲ್ಲ, ಥೇಟ್ ಹಾಗೆ. ಒಂದು ಶಬ್ದ ಬಂತು. ಒಣಗಿದ ಸೌದೆಯನ್ನು ಮೊಣಕಾಲಿಗೆ ಕೊಟ್ಟು ಮುರಿದರೆ ಬರುವಂಥದ್ದು. ಕೋಣೆಯ ಬಾಗಿಲಿಗೆ ಮರಳಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಚೆಂಡು ಎತ್ತಲೋ ಹಾರಿ ಹಿಂದಿನ ಬಲೆಗೆ ಬಡಿಯಿತು. ಮೂಲೆಯಲ್ಲಿದ್ದವನು ಮುಂದಿನ ಮೂಲೆಗೆ ಓಡಿದ, ಕ್ಯಾಚರ್ ಚೆಂಡಿನ ಹಿಂದೆ ಓಡಿದ, ಜನರ ಕಣ್ಣು ಅವರಿಬ್ಬರ ಹಿಂದೆ ಓಡಿತು. ಮತ್ತೆ ದಿಬ್ಬದ ಕಡೆ ತಿರುಗಿದಾಗ ವರ್ನನ್ ಒಂದು ಮೊಣಕಾಲೂರಿ ಕೂತಿದ್ದ, ತಲೆ ತಗ್ಗಿಸಿ, ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು.

ಜನ ಚಪ್ಪಾಳೆ ತಟ್ಟಿದರು.

ಸುಳ್ಳು ಹೇಳುತ್ತಿಲ್ಲ. ಮೊದಲು ಒಂದೆರಡು ಕೈ, ಮೆಲ್ಲಗೆ, ತಾಳ ಹಾಕಿ. ಆಮೇಲೆ ಒಂದಿಡೀ ಸಾಲು. ಏಳನೆಯ ಸುತ್ತು, ಎಡಗೈ ಎಸೆತಗಾರ, ಒಂದು ಮೊಣಕಾಲು. ಅವರಿಗೆ ಗೊತ್ತಿದ್ದ ಕಥೆ ಇದು. ಹಬ್ಬಕ್ಕೆಂದು ವರ್ನನ್ ಬೇಕೆಂದೇ ಮಾಡಿದ್ದಾನೆ ಎಂದುಕೊಂಡರು. ಇಡೀ ಊರು ಎದ್ದು ನಿಂತು ಲಯವಾಗಿ ಚಪ್ಪಾಳೆ ತಟ್ಟಿತು. ಬೆಂಚಿನ ಹುಡುಗರು ಸರಳು ಹಿಡಿದು ಕಾಲಲ್ಲಿ ತಾಳ ಹಾಕಿದರು. ಯಾರೋ "ಏಳು ಹ್ಯಾರಿಗನ್, ಏಳು!" ಎಂದು ಕೂಗಿದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಈ ಬೆಕ್ಕುಗಳ ಕಣ್ಣಲ್ಲಿ ಪ್ರೀತಿಯ ನೀರಿತ್ತು, ಅದೇ ಘೋರ.

"ಮುರಿದಿದೆ! ಮುರಿದಿದೆ ಕಣ್ರೋ!" ಎಂದು ನಾನು ಅರಚುತ್ತ ಓಡಿದೆ. ನನ್ನ ಮಂಡಿಗಳು ಎಷ್ಟು ಓಡಿಯಾವು? ನನ್ನ ದನಿ ನನಗೇ ಕೇಳಿಸಲಿಲ್ಲ. ಆಗ ಜೋಯೆಟಾ ಬೇಲಿ ಹಾರಿದಳು. ಸ್ಕರ್ಟು ತಂತಿಗೆ ಸಿಕ್ಕಿ ಹರಿಯಿತು. ಅವಳು ಹೋಗಿ ಅವನನ್ನು ತಬ್ಬಿದಾಗ ತೋಳು ಜೋತುಬಿದ್ದು, ಮೊಣಕೈ ಇಲ್ಲದ ಕಡೆ ಮಡಚಿಕೊಂಡಿತು. ಮುಂದಿನ ಸಾಲಿನವರಿಗೆ ಅದು ಕಂಡಿತು. ಹಿಂದಿನವರು ಇನ್ನೂ ತಟ್ಟುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಪ್ಲೇಟು, ಸ್ಕ್ರೂ ಹಾಕಿ ಮೂಳೆ ಕೂರಿಸಿದರು. ಎರಡು ದಿನದ ಮೇಲೆ ನೋಡಲು ಹೋದಾಗ ವರ್ನನ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿರುಗದೆಯೇ ಹೇಳಿದ. "ಚಪ್ಪಾಳೆ ಕೇಳಿಸ್ತಾ ಇತ್ತು ಆಂಟಿ. ನಾನು ಏಳೋಕೆ ನೋಡಿದೆ. ನಿಜವಾಗ್ಲೂ. ಎದ್ದೇಬಿಡ್ತೀನಿ ಅಂತಲೇ ಅನ್ನಿಸ್ತು ಒಂದು ಕ್ಷಣ." ನಾನು ಆಚೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಊರಿಗೆ ತಪ್ಪಿತಸ್ಥರು ಬೇಕಾಗಿತ್ತು, ನಾನು ಸಿಕ್ಕಿದೆ. ಬೆಂಚಿನಲ್ಲಿ ಮಾತಾಡಿ ದೃಷ್ಟಿ ತಾಗಿಸಿದವಳು. ಹೋಟೆಲಿನಲ್ಲಿ ನಾನು ಕೂತ ಮೇಜಿಗೆ ಜನ ಬರುವುದನ್ನು ಬಿಟ್ಟರು. ಬಿಡಲಿ, ಕಾಫಿ ಬಿಸಿಯಾಗಿಯೇ ಇರುತ್ತದೆ. ನನಗೆ ಉರಿಯುವುದು ಬೇರೆ. ಅವನ ಕೈ ಮುರಿದದ್ದಕ್ಕೆ ಅವರು ನೊಂದಿದ್ದು ನಿಜ, ಆದರೆ ಅದಕ್ಕಿಂತ ಹೆಚ್ಚು ನೊಂದದ್ದು ಆಟ ಪೂರ್ತಿಯಾಗದ್ದಕ್ಕೆ. "ಇನ್ಮೂರೇ ಸುತ್ತು ಇತ್ತಲ್ಲೋ" ಎಂದು ಈಗಲೂ ನಿಟ್ಟುಸಿರು ಬಿಡುತ್ತಾರೆ.

ಕೈ ಎದೆಯ ಮಟ್ಟದಿಂದ ಮೇಲೆ ಏಳಲಿಲ್ಲ. ಒಳಛಾವಣಿಯ ಕೆಲಸ ಹೋಯಿತು. ಕೋಚಿನ ಕೆಲಸ ಕೇಳಲು ಹೋದಾಗ ರಾಯ್ಸ್ ಟ್ಯಾಕೆಟ್ ಕುರ್ಚಿ ಎಳೆದು ಕೂರಿಸಿ, "ಎಸೆದು ತೋರಿಸೋಕೆ ಆಗದೆ ಹೇಗೆ ಕಲಿಸ್ತೀಯ ವರ್ನ್, ನೀನೇ ಹೇಳು" ಎಂದ. ಒಂದು ವರ್ಷ ಜೋಯೆಟಾಳ ಸಂಬಳದಲ್ಲಿ ಇಬ್ಬರೂ ಉಂಡರು. ವರ್ನನ್ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಅವನ ಅಪ್ಪನ ಬೇಟೆಯ ಬಂದೂಕನ್ನು ಜೋಯೆಟಾ ಕಂಬಳಿಯಲ್ಲಿ ಸುತ್ತಿ ತಂದು ನನ್ನ ಮನೆಯಲ್ಲಿಟ್ಟು ಹೋದಳು. ಯಾಕೆ ಎಂದು ನಾನು ಕೇಳಲಿಲ್ಲ. ಅದು ಇನ್ನೂ ನನ್ನ ಮಂಚದ ಕೆಳಗೆ ಇದೆ.

ಆಮೇಲೆ ರಾಯ್ಸ್‌ನೇ ಕರೆಸಿ ಒಂದು ಕೆಲಸ ಕೊಟ್ಟ. ಸಿನಿಮಾ ನೋಡಿ ಬೇರೆ ಬೇರೆ ಊರುಗಳಿಂದ ಬೇಸಿಗೆಯಲ್ಲಿ ಜನ ಬರುತ್ತಾರಲ್ಲ, ಅವರಿಗಾಗಿ. ವರ್ನನ್ ಹ್ಯಾರಿಗನ್‌ನ ಅಂಗಿ ತೊಟ್ಟು ದಿಬ್ಬದ ಮೇಲೆ ಒಂದು ಮೊಣಕಾಲೂರಿ ಕೂರಬೇಕು. ಬಂದವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸುತ್ತ ನಿಂತವರು ತಾಳ ಹಾಕುತ್ತಾರೆ. ಅವನು ಹೂಂ ಎಂದ. ಬೇರೆ ಏನೆನ್ನಬೇಕಿತ್ತು?

ಆ ಬಟ್ಟೆ ನನ್ನ ಹತ್ತಿರವೇ ಬರುತ್ತದೆ. ಕಂಕುಳಲ್ಲಿ ಬೆವರಿಲ್ಲ, ಕುತ್ತಿಗೆಯಲ್ಲಿ ಎಣ್ಣೆಯಿಲ್ಲ. ಪ್ಯಾಂಟಿನ ಬಲಮೊಣಕಾಲಿನಲ್ಲಿ ಮಾತ್ರ ಅಂಗೈಯಗಲ ಮಣ್ಣು. "ಅದನ್ನ ತೊಳೀಬೇಡಿ ಮಿಸ್ ಆರ್ಡಿತ್, ಫೋಟೊದಲ್ಲಿ ಚೆನ್ನಾಗಿ ಕಾಣುತ್ತೆ" ಎಂದು ರಾಯ್ಸ್ ಹೇಳಿ ಕಳಿಸುತ್ತಾನೆ. ನಾನು ಸೋಪು ಹಚ್ಚಿ, ಗೆಣ್ಣು ಸುಲಿಯುವವರೆಗೆ ಉಜ್ಜಿ, ಬೆಳ್ಳಗೆ ಮಾಡಿ ಕಳಿಸುತ್ತೇನೆ. ಸಂಜೆಗೆ ಮತ್ತೆ ಹಾಗೇ ಬರುತ್ತದೆ.

ಕೆಲವು ದಿನ ಬಾಗಿಲಲ್ಲಿ ನಿಂತು ನೋಡುತ್ತೇನೆ. ವರ್ನನ್ ತಲೆ ತಗ್ಗಿಸಿ ಮೊಣಕಾಲೂರಿ ಕೂತಿರುತ್ತಾನೆ. ಗೊತ್ತಿಲ್ಲದ ಜನ ನಗುತ್ತ ಚಪ್ಪಾಳೆ ತಟ್ಟುತ್ತಾರೆ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅವನು ಬಲಗೈಯನ್ನು ನೆಲಕ್ಕೆ ಊರಿ ಏಳುತ್ತಾನೆ. ಈಗ ಪ್ರತಿ ಸಲವೂ ಏಳುತ್ತಾನೆ.